ಅರವತ್ತರ ಮೇಲೊಂದು ಡ್ರಾಯಿಂಗ್ ತಾಸು

ಕರ್ನಾಟಕ ಸರ್ಕಾರ ತನ್ನ ನೌಕರರ ನಿವೃತ್ತಿ ವಯಸ್ಸನ್ನು 58ರಿಂದ 60ಕ್ಕೆ ಏರಿಸಿದ್ದು 2008ರಲ್ಲಿ. ಎರಡು ವರ್ಷ ಹೆಚ್ಚು ದುಡಿಯಬೇಕೋ ಬೇಡವೋ ಎಂಬುದು ದೊಡ್ಡ ಮಾತಾಯಿತು. ಅದರಾಚೆಗಿನ ಕಾಲವನ್ನು ಏನು ಮಾಡಬೇಕು ಎಂಬುದು ಮಾತ್ರ ಅವರವರ ಮನೆಯ ಸಮಸ್ಯೆಯಾಗಿ ಉಳಿಯಿತು. ನಮ್ಮ ದೇಶದಲ್ಲಿ ಅರವತ್ತು ಮುಟ್ಟಿದವರು ಸರಾಸರಿ ಇನ್ನೂ ಹದಿನೆಂಟು ವರ್ಷದಷ್ಟು ಬದುಕುತ್ತಾರೆ. ಒಂದನೇ ಇಯತ್ತೆಗೆ ಸೇರಿದ ಮಗು ಪದವಿ ಮುಗಿಸಿ ಹೊರಬರಲು ಬೇಕಾಗುವುದು ಹದಿನೈದು ವರ್ಷ. ಒಂದು ಇಡೀ ವಿದ್ಯಾಭ್ಯಾಸಕ್ಕೆ ಸಾಲುವಷ್ಟು ಕಾಲ ಎರಡನೆಯ ಸಲ ಕೈಗೆ ಬಂದಿರುತ್ತದೆ. ನಾವು ಅದನ್ನು ಬೀಳ್ಕೊಡುಗೆ ಸಮಾರಂಭದಲ್ಲಿ 'ಇನ್ನ ಆರಾಮ ಇರ್ರಿ' ಎಂಬ ಒಂದು ಮಾತಿನಲ್ಲಿ ಮುಗಿಸಿಬಿಡುತ್ತೇವೆ. ಬಸವನಬಾಗೇವಾಡಿ ಸೀಮೆಯ ಇಂಗಳೇಶ್ವರವನ್ನೇ ನೋಡಿ. ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರು ಎಂದು ಹೆಸರಾದ, ವಚನಗಳನ್ನು ಕಲ್ಲಿನಲ್ಲಿ ಕೆತ್ತಿಸಿಟ್ಟ ಶಿಲಾ ಮಂಟಪವಿರುವ ಊರು. ವಿಜಯಪುರ ಜಿಲ್ಲೆಯ ಇಂಥ ಊರುಗಳಲ್ಲೆಲ್ಲ ನಿವೃತ್ತರಾದ ಸಾಲಿ ಮಾಸ್ತರರು, ತಲಾಠಿಗಳು, ಲೈನ್‌ಮನ್ನರು, ಬಸ್ ಕಂಡಕ್ಟರುಗಳು, ಮಿಲಿಟರಿಯಿಂದ ಬಂದವರು ಇದ್ದಾರೆ. ಮುಂಜಾನೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಕಟ್ಟೆ, ರಾತ್ರಿ ಮೊಬೈಲು. ಇವರಿಗೆ ಚಿತ್ರಕಲೆ ಕಲಿಸಬೇಕು ಎಂಬುದು ನನ್ನ ವಾದ. ಹೊತ್ತು ಹೋಗಲಿ ಎಂದು ಬಣ್ಣ ಕೊಟ್ಟು ಕೂಡಿಸುವ ಮಾತನ್ನು ನಾನು ಆಡುತ್ತಿಲ್ಲ. ಪೆನ್ಸಿಲ್ ಹಿಡಿಯುವುದರಿಂದ ಶುರುಮಾಡಿ, ತಪ್ಪು ತೋರಿಸುವ ಮಾಸ್ತರರ ಮುಂದೆ ವಾರವಾರ ಕೂತು ಕಲಿಯಬೇಕು ಎನ್ನುತ್ತಿದ್ದೇನೆ.

ಈ ವಿಷಯ ಎತ್ತಿದಾಗಲೆಲ್ಲ ಕೆಲವು ದೊಡ್ಡ ಹೆಸರುಗಳು ಬರುತ್ತವೆ. ರವೀಂದ್ರನಾಥ ಟ್ಯಾಗೋರರು ಕೈಬರಹದಲ್ಲಿ ಹೊಡೆದುಹಾಕಿದ ಸಾಲುಗಳನ್ನೇ ಗೀಚುತ್ತ ಗೀಚುತ್ತ ಅರವತ್ತು ದಾಟಿದ ಮೇಲೆ ಚಿತ್ರಕಾರರಾದರು. 1930ರಲ್ಲಿ ಪ್ಯಾರಿಸ್‌ನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಅಮೆರಿಕದ ಒಕ್ಕಲಗಿತ್ತಿ ಗ್ರ್ಯಾಂಡ್‌ಮಾ ಮೋಸಸ್ ಎಪ್ಪತ್ತು ದಾಟಿದ ಮೇಲೆ ಕುಂಚ ಹಿಡಿದು, 1961ರಲ್ಲಿ 101ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಲೋಕಪ್ರಸಿದ್ಧರಾಗಿದ್ದರು. ಕೇಳಲು ಚೆಂದ. ಆದರೆ ಇಂಥ ಉದಾಹರಣೆಗಳಿಂದ ಸಾಮಾನ್ಯ ಪಿಂಚಣಿದಾರರಿಗೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಕುಂಚ ಹಿಡಿದ ಆರು ತಿಂಗಳಲ್ಲಿ ತಾವು ಟ್ಯಾಗೋರ್ ಆಗಲಿಲ್ಲವೆಂದು ಕೈಬಿಡಲು ಅವು ನೆಪವಾಗುತ್ತವೆ. ನಮಗೆ ಹೆಚ್ಚು ಉಪಯೋಗವಾಗುವ ಬದುಕು ನಮ್ಮ ರಾಜ್ಯದ್ದೇ ಒಂದಿದೆ, ರುಮಾಲೆ ಚನ್ನಬಸವಯ್ಯನವರದು. 1910ರಲ್ಲಿ ಹುಟ್ಟಿದ ಅವರು ಎಳವೆಯಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಶಿಸ್ತಾಗಿ ಚಿತ್ರಕಲೆ ಕಲಿತರು. ಆಮೇಲೆ ಸ್ವಾತಂತ್ರ್ಯ ಹೋರಾಟ, ಸೇವಾದಳ, ಜೈಲು, ಶಾಸನಸಭೆ, 'ತಾಯಿನಾಡು' ಪತ್ರಿಕೆಯ ಸಂಪಾದಕತ್ವ ಎಂದು ದಶಕಗಳೇ ಕಳೆದುಹೋದವು. ಐವತ್ತು ದಾಟಿದ ಮೇಲೆ, 1962ರ ಸುಮಾರಿಗೆ, ಅದೆಲ್ಲವನ್ನೂ ಬಿಟ್ಟು ಮತ್ತೆ ಬಣ್ಣದ ಪೆಟ್ಟಿಗೆ ಎತ್ತಿಕೊಂಡರು. 1988ರಲ್ಲಿ ತೀರಿಕೊಳ್ಳುವವರೆಗೂ ಬೆಂಗಳೂರಿನ ಹೂಬಿಟ್ಟ ಮರಗಳನ್ನು, ಬೀದಿಗಳನ್ನು, ಹೊಲ-ಗುಡ್ಡಗಳನ್ನು ಚಿತ್ರಿಸಿದರು. ಇದರಲ್ಲಿ ನನಗೆ ಕಾಣುವುದು ಪ್ರತಿಭೆಯೊಂದೇ ಆಗಿದ್ದರೆ ಇಲ್ಲಿ ಹೇಳುತ್ತಿರಲಿಲ್ಲ. ಇಪ್ಪತ್ತರ ಹರೆಯದಲ್ಲಿ ಮಾಸ್ತರರಿಂದ ಕಲಿತದ್ದು ಮೂವತ್ತು ವರ್ಷ ಮುಟ್ಟದೇ ಇದ್ದರೂ ಕೈಯಲ್ಲಿ ಉಳಿದಿತ್ತು ಎಂಬುದು ಮುಖ್ಯ. ಚಿತ್ರ ತೆಗೆಯುವುದು ಕಲಿತು ಬರುವ ವಿದ್ಯೆ. ಕಲಿತು ಬರುವುದೆಂದ ಮೇಲೆ ಅದನ್ನು ಅರವತ್ತರಲ್ಲೂ ಕಲಿಯಬಹುದೇ, ಕಲಿತರೆ ಲಾಭವೇನು ಎಂದು ಕೇಳಬೇಕಾಗುತ್ತದೆ.

ಲಾಭದ ಬಗ್ಗೆ ಪತ್ರಿಕೆಗಳಲ್ಲಿ ಬರುವ ಸುದ್ದಿ ಸಾಮಾನ್ಯವಾಗಿ ಹಿಗ್ಗಿಸಿದ್ದಾಗಿರುತ್ತದೆ. ಹೀಗಾಗಿ ಪುರಾವೆಯನ್ನು ಸ್ವಲ್ಪ ಜರಡಿ ಹಿಡಿಯೋಣ. ಅಮೆರಿಕದ ಮೇಯೋ ಕ್ಲಿನಿಕ್‌ನ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನವೇ ಹೆಚ್ಚು ಉಲ್ಲೇಖವಾಗುವುದು. 85 ದಾಟಿದ, ಬುದ್ಧಿ ಚುರುಕಾಗಿಯೇ ಇದ್ದ 256 ಜನರನ್ನು ಅವರು ಸುಮಾರು ನಾಲ್ಕು ವರ್ಷ ಗಮನಿಸಿದರು. ನಡುವಯಸ್ಸಿನಲ್ಲೂ ಮುಪ್ಪಿನಲ್ಲೂ ಚಿತ್ರ, ಶಿಲ್ಪದಂಥ ಕೆಲಸ ಮಾಡುತ್ತಿದ್ದವರಲ್ಲಿ ಮರೆವಿನ ಕಾಯಿಲೆಗೆ ಮುನ್ಸೂಚನೆಯಾಗಬಹುದಾದ ಬುದ್ಧಿಶಕ್ತಿಯ ಸೌಮ್ಯ ಕುಸಿತ ಕಾಣಿಸಿಕೊಳ್ಳುವ ಸಂಭವ ಶೇ 73ರಷ್ಟು ಕಡಿಮೆಯಿತ್ತು. ಅಂಕಿ ಬೆರಗು ಹುಟ್ಟಿಸುತ್ತದೆ. ಆದರೆ ಚಿತ್ರ ತೆಗೆದದ್ದರಿಂದ ಬುದ್ಧಿ ಉಳಿಯಿತೋ, ಬುದ್ಧಿ ಚುರುಕಾಗಿದ್ದವರೇ ಚಿತ್ರ ತೆಗೆಯುತ್ತಿದ್ದರೋ ಎಂದು ಅದು ಹೇಳಲಾರದು. ಅಲ್ಲದೆ ಅವರು ನಡುವಯಸ್ಸಿನಿಂದಲೇ ಚಿತ್ರ ತೆಗೆಯುತ್ತ ಬಂದವರು, ನಿವೃತ್ತಿಯಾದ ಮರುದಿನ ಶುರುಮಾಡಿದವರಲ್ಲ. ಜರ್ಮನಿಯಲ್ಲಿ ನಡೆದು 2014ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗ ನಮ್ಮ ಪ್ರಶ್ನೆಗೆ ಹತ್ತಿರ. ನಿವೃತ್ತರಾದ 28 ಜನರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹತ್ತು ವಾರ ಚಿತ್ರ ಮಾಡುವುದನ್ನು ಕಲಿಸಿದರು. ಇನ್ನೊಂದು ಗುಂಪು ಅಷ್ಟೇ ವಾರ ವಸ್ತುಸಂಗ್ರಹಾಲಯದ ಚಿತ್ರಗಳನ್ನು ನೋಡಿ ಅವುಗಳ ಬಗ್ಗೆ ಚರ್ಚಿಸಿತು. ಮಿದುಳಿನ ಭಾಗಗಳ ನಡುವಿನ ಸಂಪರ್ಕ ಹೆಚ್ಚಿದ್ದು, ಕಷ್ಟವನ್ನು ತಾಳಿಕೊಳ್ಳುವ ಮನಸ್ಸು ಗಟ್ಟಿಯಾದದ್ದು ಕೈಯಾರೆ ಮಾಡಿದವರಲ್ಲಿ. ಇಪ್ಪತ್ತೆಂಟು ಜನ ಬಹಳ ಕಡಿಮೆ, ನಿಜ. ಅದೇ ವರ್ಷ ಟೆಕ್ಸಾಸ್‌ನಿಂದ ಬಂದ ಮೂರನೆಯ ಅಧ್ಯಯನದಲ್ಲಿ 60ರಿಂದ 90 ವಯಸ್ಸಿನ 221 ಜನರಿದ್ದರು. ಅಲ್ಲಿ ಕಲಿಸಿದ್ದು ಚಿತ್ರಕಲೆಯನ್ನಲ್ಲ, ಕೌದಿ ಹೊಲಿಯುವುದನ್ನು ಮತ್ತು ಡಿಜಿಟಲ್ ಫೋಟೊಗ್ರಫಿಯನ್ನು. ಹೊಸ ವಿದ್ಯೆಯನ್ನು ಮೂರು ತಿಂಗಳು ಬೆವರಿಳಿಸಿ ಕಲಿತವರ ನೆನಪಿನ ಶಕ್ತಿ ಸುಧಾರಿಸಿತು. ಅಷ್ಟೇ ಹೊತ್ತು ಕೂಡಿ ಹರಟೆ, ಆಟ, ಅಡುಗೆ ಎಂದು ಖುಷಿಯಾಗಿ ಕಳೆದವರಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ. ಮೂರನ್ನೂ ಒಟ್ಟಿಗಿಟ್ಟು ನೋಡಿದರೆ, ಒಂದೊಂದೂ ತನ್ನಷ್ಟಕ್ಕೆ ಕೊರತೆಯದ್ದಾದರೂ, ಬೆರಳು ಒಂದೇ ಕಡೆ ತೋರಿಸುತ್ತದೆ: ಗುಣ ಇರುವುದು ಬಣ್ಣದಲ್ಲಿ ಅನ್ನುವುದಕ್ಕಿಂತ ಬಾರದ್ದನ್ನು ಕಲಿಯುವ ಕಷ್ಟದಲ್ಲಿ. ಮನಸ್ಸಿಗೆ ಸಮಾಧಾನ ಎಂದು ಪೇಟೆಯಲ್ಲಿ ಮಾರುವ, ಮೊದಲೇ ಗೆರೆ ಹಾಕಿಟ್ಟ ಬಣ್ಣ ತುಂಬುವ ಪುಸ್ತಕಗಳು ಈ ಲೆಕ್ಕದಲ್ಲಿ ಎಲ್ಲೂ ನಿಲ್ಲುವುದಿಲ್ಲ.

ಚಿತ್ರದಲ್ಲಿ ಅಂಥ ಕಷ್ಟ ಏನಿದೆ ಎಂದು ಕೇಳಬಹುದು. ಒಂದು ಕೊಡವನ್ನು ಮುಂದಿಟ್ಟು ಬಿಡಿಸಲು ಹೇಳಿ, ಗೊತ್ತಾಗುತ್ತದೆ. ಹೊಸಬರೆಲ್ಲರೂ ಕೊಡದ ಬಾಯನ್ನು ಪೂರ್ತಿ ಗುಂಡಗೆ ತೆಗೆದು ತಳವನ್ನು ನೆಟ್ಟಗೆ ಗೀಟು ಎಳೆದುಬಿಡುತ್ತಾರೆ. ಕಣ್ಣಿನ ಮಟ್ಟದಿಂದ ತುಸು ಕೆಳಗಿರುವ ಕೊಡದ ಬಾಯಿ ಕಾಣುವುದು ಚಪ್ಪಟೆಯಾದ ಅಂಡಾಕಾರದಲ್ಲಿ. ತಳವೂ ಬಾಗಿಯೇ ಕಾಣುತ್ತದೆ. ಬಾಯಿ ಗುಂಡಗಿದೆ ಎಂದು ಅರವತ್ತು ವರ್ಷದಿಂದ ಗೊತ್ತಿರುವ ತಲೆ, ಕಣ್ಣು ಹೇಳಿದ್ದನ್ನು ಕೈಗೆ ಮುಟ್ಟಿಸುವುದಿಲ್ಲ. ಡ್ರಾಯಿಂಗ್ ಮಾಸ್ತರರ ಮೊದಲ ಕೆಲಸ ಈ ತಲೆಯನ್ನು ಸುಮ್ಮನಾಗಿಸುವುದು. ತೋಳು ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ಲಿನ ಮೇಲೆ ಹೆಬ್ಬೆರಳಿಟ್ಟು ಎತ್ತರ-ಅಗಲ ಅಳೆಯುವುದು ಅದಕ್ಕೇ. ಆಮೇಲೆ ನೆರಳು, ಆಮೇಲೆ ದೂರದ ವಸ್ತು ಸಣ್ಣದಾಗುವ ನಿಯಮ, ಕೊನೆಗೆ ಬಣ್ಣ. ವಿಜಯಪುರದ ನಾಡಿನಲ್ಲಿ ಬಣ್ಣವೂ ಸುಲಭಕ್ಕೆ ಬಗ್ಗುವಂಥದ್ದಲ್ಲ. ನಲವತ್ತು ಡಿಗ್ರಿ ದಾಟುವ ಬೇಸಿಗೆಯ ಒಣಗಾಳಿಯಲ್ಲಿ ಜಲವರ್ಣದ ಒಂದು ಪದರ ಹರಡಿ ಮುಗಿಸುವ ಮೊದಲೇ ಅಂಚು ಒಣಗಿ ಕಲೆ ಕಟ್ಟುತ್ತದೆ, ಬಯಲು ಚಿತ್ರಕ್ಕೆ ಕೂರುವವರು ಮುಂಜಾನೆಯೇ ಕೂರಬೇಕು. ನಡುಮಧ್ಯಾಹ್ನದ ಬಿಸಿಲು ನೆರಳನ್ನೆಲ್ಲ ನುಂಗಿ ಎಲ್ಲವನ್ನೂ ಮಟ್ಟಸ ಮಾಡಿಬಿಡುತ್ತದೆ. ಎರೆಮಣ್ಣು ಕಪ್ಪು ಎಂದು ನಾವೆಲ್ಲ ಹೇಳುತ್ತೇವೆ. ಕಪ್ಪು ಬಣ್ಣವನ್ನೇ ಬಳಿದರೆ ಚಿತ್ರ ಸತ್ತಂತೆ ಕಾಣುತ್ತದೆ, ಯಾಕೆಂದರೆ ಬಿರುಕುಬಿಟ್ಟ ಏಪ್ರಿಲ್ಲಿನ ಎರೆಗೆ ಬೂದಿಯ ಛಾಯೆ, ರೋಹಿಣಿ ಮಳೆಯ ಮರುದಿನಕ್ಕೆ ನೇರಳೆಯ ಛಾಯೆ. ಇದೆಲ್ಲ ಹೊಲದಲ್ಲೇ ಹುಟ್ಟಿ ಬೆಳೆದವರಿಗೆ ಗೊತ್ತಿರುವುದೇ. ಆದರೆ ಕಾಗದದ ಮೇಲೆ ತರಲು ಕೂತಾಗಲೇ ಅದನ್ನು ಎಷ್ಟು ಕಡಿಮೆ ನೋಡಿದ್ದೇವೆ ಎಂದು ತಿಳಿಯುತ್ತದೆ. ಆ ಕಷ್ಟಕ್ಕೆ ಕೊನೆ ಇಲ್ಲ, ಮತ್ತು ನಿವೃತ್ತಿಯ ವಿದ್ಯೆಗೆ ಬೇಕಾದ ಗುಣವೇ ಅದು. ಹದಿನೆಂಟು ವರ್ಷದಲ್ಲಿ ಮುಗಿದುಹೋಗುವ ವಿದ್ಯೆಯಾಗಿದ್ದರೆ ಶಿಫಾರಸು ಮಾಡಲು ನಾನು ಹಿಂಜರಿಯುತ್ತಿದ್ದೆ.

'ಈ ವಯಸ್ಸಿನ್ಯಾಗ ಕೈ ನಡಗ್ತಾವ, ಕಣ್ಣು ಮಂಜಾಗ್ಯಾವ' ಎಂಬುದು ಮೊದಲ ಆಕ್ಷೇಪ. ಅದನ್ನು ತಳ್ಳಿಹಾಕುವಂತಿಲ್ಲ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತ ಹೋಗಿ ನೀಲಿ, ನೇರಳೆಗಳು ಮಂಕಾಗುತ್ತವೆ. ಫ್ರಾನ್ಸಿನ ಚಿತ್ರಕಾರ ಮೋನೆ ಕಣ್ಣಿನ ಪೊರೆಯಿಂದ ವರ್ಷಗಟ್ಟಲೆ ಒದ್ದಾಡಿ, 1923ರಲ್ಲಿ ಎಂಬತ್ತು ದಾಟಿದ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಮತ್ತೆ ತಮ್ಮ ಕೊಳದ ಹೂಗಳ ಕ್ಯಾನ್ವಾಸುಗಳಿಗೆ ಮರಳಿದರು. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿಯವರು 1957ರ ಸುಮಾರಿಗೆ ದೃಷ್ಟಿ ಪೂರ್ತಿ ಕಳೆದುಕೊಂಡ ಮೇಲೂ ಕಾಗದ ಕತ್ತರಿಸಿ ಅಂಟಿಸುವ ಚಿತ್ರಗಳಿಗೆ ತಿರುಗಿದರು, ಗೋಡೆಯ ಮೇಲೆ ಟೈಲ್ಸ್‌ನ ದೊಡ್ಡ ಚಿತ್ರ ಮಾಡಿಸಿದರು. ದೊಡ್ಡ ಹೆಸರುಗಳು ಬೇಡವೆಂದು ಮೇಲೆ ಹೇಳಿ ಮತ್ತೆ ಅವನ್ನೇ ತರುತ್ತಿದ್ದೇನೆ. ಆದರೆ ಇಲ್ಲಿ ಅವು ಸಾಧನೆಗೆ ಸಾಕ್ಷಿಯಾಗಿ ಬಂದವಲ್ಲ, ದೇಹ ಒಂದು ದಾರಿ ಮುಚ್ಚಿದರೆ ಇನ್ನೊಂದು ಸಾಮಗ್ರಿಯ ದಾರಿ ಇದೆ ಎಂದು ತೋರಿಸಲು ಬಂದವು. ಕೈ ನಡುಗುವವರು ಸಣ್ಣ ಕುಂಚ ಬಿಟ್ಟು ದಪ್ಪ ಇದ್ದಿಲಿನಲ್ಲಿ, ದೊಡ್ಡ ಹಾಳೆಯ ಮೇಲೆ, ಬೆರಳ ಬದಲು ಭುಜದಿಂದ ಗೆರೆ ಎಳೆಯಬಹುದು. ಪೊರೆ ಬಂದವರಿಗೆ ಸರ್ಕಾರಿ ಶಿಬಿರದಲ್ಲೇ ಆಪರೇಷನ್ ಆಗುತ್ತದೆ. ನಿಜವಾದ ಅಡ್ಡಿ ಕೈಯೂ ಅಲ್ಲ, ಕಣ್ಣೂ ಅಲ್ಲ. ಮೂವತ್ತು ವರ್ಷ ಊರಿಗೆ 'ಸರ್' ಆಗಿದ್ದವರು ಎಲ್ಲರ ಎದುರು ಸೊಟ್ಟ ಕೊಡ ತೆಗೆದು ತಿದ್ದಿಸಿಕೊಳ್ಳಬೇಕು. ಗಂಡಸರಿಗೆ ಇದು ಹೆಚ್ಚು ಕಷ್ಟ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹೆಂಗಸರ ಮಾತು ಬೇರೆ. ಅವರಿಗೆ ನಿವೃತ್ತಿಯೇ ಇಲ್ಲ ಎಂಬುದು ಇನ್ನೊಂದು ಆಕ್ಷೇಪ, ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವೂ ಇಲ್ಲ. ಒಕ್ಕಲುತನದವರಿಗೂ ಆದೇಶ ಹೊರಡಿಸಿ ಯಾರೂ ನಿವೃತ್ತಿ ಕೊಡುವುದಿಲ್ಲ. ಆದರೂ ಮಗನ ಕೈಗೆ ಹೊಲ ಬಿಟ್ಟ ಮೇಲೆ ಅವರು ಕಟ್ಟೆಗೆ ಬರುತ್ತಾರೆ. ಅತ್ತೆಯಾದವಳಿಗೆ ಕಟ್ಟೆಯೂ ಇಲ್ಲ, ಮೊಮ್ಮಕ್ಕಳು ಮತ್ತು ಒಲೆ ಮಾತ್ರ. ಇಷ್ಟಾಗಿಯೂ ಈ ಭಾಗದಲ್ಲಿ ಕೈ ಪಳಗಿದವರು ಅವರೇ. ಕಸೂತಿಯನ್ನೇ ನೋಡಿ. ಬಟ್ಟೆಯ ಮೇಲೆ ಮೊದಲು ಗೆರೆ ಬರೆದುಕೊಳ್ಳದೆ, ನೂಲಿನ ಎಳೆ ಎಣಿಸಿಕೊಂಡು ಗೋಪುರ, ತೇರು, ಆನೆ, ತುಳಸಿಕಟ್ಟೆ ಎಬ್ಬಿಸುವುದು. ಗವಂತಿ ಎಂಬ ಹೊಲಿಗೆಯಲ್ಲಾದರೆ ಸೀರೆಯ ಎರಡೂ ಮಗ್ಗುಲಲ್ಲಿ ಒಂದೇ ರೂಪ ಮೂಡಬೇಕು, ಗಂಟು ಕಾಣಬಾರದು. ಅಳತೆ, ಸಮತೂಕ, ಮನಸ್ಸಿನಲ್ಲೇ ಆಕೃತಿಯನ್ನು ತಿರುಗಿಸಿ ನೋಡುವುದು ಎಂದು ಡ್ರಾಯಿಂಗ್ ಮಾಸ್ತರರು ತಿಂಗಳುಗಟ್ಟಲೆ ಕಲಿಸುವುದು ಇಲ್ಲಿ ಆಗಲೇ ಕೈಗೆ ಹತ್ತಿದೆ. ಅಂಗಳದ ರಂಗೋಲಿಯ ಮಾತೂ ಇದೇ. ಗಂಡಸರೂ ಪೂರ್ತಿ ಕೋರಾ ಅಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ತಂದು ಎತ್ತು ಮಾಡದ, ಆಷಾಢದಲ್ಲಿ ಅಕ್ಕತಂಗಿಯರ ಗುಳ್ಳವ್ವನಿಗೆ ಮಣ್ಣು ಹದ ಮಾಡಿಕೊಡದ ಬಾಲ್ಯ ಈ ಜಿಲ್ಲೆಯಲ್ಲಿ ಅಪರೂಪ. ಚಿತ್ರಕಲೆ ನಮ್ಮ ಮಣ್ಣಿನದಲ್ಲ, ಬೆಂಗಳೂರಿನ ಸಿರಿವಂತರ ಶೋಕಿ ಎನ್ನುವವರು ಒಮ್ಮೆ ವಿಜಯಪುರದ ಪೂರ್ವಕ್ಕಿರುವ ಕುಮಟಗಿಗೆ ಹೋಗಬೇಕು. ಆದಿಲ್‌ಶಾಹಿ ಕಾಲದ ನೀರಿನ ಮಹಲಿನ ಗೋಡೆಗಳಲ್ಲಿ ಕುದುರೆಯೇರಿ ಚೆಂಡಾಡುವವರೂ ಜಟ್ಟಿಗಳೂ ಮಾಸಿದ ಬಣ್ಣದಲ್ಲಿ ಇನ್ನೂ ಇದ್ದಾರೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದ ಚಿತ್ರಗಳು ಇವತ್ತು ಲೋಕದ ದೊಡ್ಡ ವಸ್ತುಸಂಗ್ರಹಾಲಯಗಳಲ್ಲಿವೆ. ಪರಂಪರೆ ಇದೆ ಎಂದು ಹೆಮ್ಮೆಪಡಲು ಇದನ್ನು ಹೇಳುತ್ತಿಲ್ಲ. ಗೋಳಗುಮ್ಮಟಕ್ಕೆ ಬಸ್ಸಿನಲ್ಲಿ ಬಂದುಹೋಗುವಷ್ಟು ಹತ್ತಿರ ಇರುವವರು ಕುಮಟಗಿಯ ಆ ಗೋಡೆಚಿತ್ರಗಳನ್ನೂ ನೋಡಿಲ್ಲವಲ್ಲ ಎಂದು ಹೇಳುತ್ತಿದ್ದೇನೆ.

ಬಸವಣ್ಣನವರ ನೆಲದಲ್ಲಿ ಇನ್ನೂ ಗಟ್ಟಿಯಾದ ಒಂದು ಆಕ್ಷೇಪ ಏಳುತ್ತದೆ. ಕಾಯಕವೇ ದೊಡ್ಡದು ಎಂದ ಊರಿನಲ್ಲಿ, ಯಾರ ಹೊಟ್ಟೆಯೂ ತುಂಬದ ಕೆಲಸಕ್ಕೆ ದುಡಿಯಬಲ್ಲ ಕೈಗಳನ್ನು ಹಚ್ಚುವುದು ಸರಿಯೇ? ಬಿಡುವಿದ್ದರೆ ಮಠದ ದಾಸೋಹಕ್ಕೆ ಹೋಗಲಿ, ಮಕ್ಕಳಿಗೆ ಪಾಠ ಹೇಳಲಿ. ಈ ಮಾತಿನಲ್ಲಿ ತೂಕವಿದೆ, ಮತ್ತು ಚಿತ್ರ ತೆಗೆಯುವವರು ದಾಸೋಹ ಬಿಡಬೇಕೆಂದು ಯಾರೂ ಹೇಳುತ್ತಿಲ್ಲ. ಆದರೆ ಶರಣರು ಕಾಯಕವನ್ನು ಗಳಿಕೆಯಿಂದ ಅಳೆಯಲಿಲ್ಲ. ಆಯ್ದಕ್ಕಿ ಮಾರಯ್ಯ ಅಂದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ಮರಳಿಸಲು ಹೇಳಿದಳು ಎಂಬ ಕತೆ ಎಲ್ಲರಿಗೂ ಗೊತ್ತು. ಅಗತ್ಯ ತೀರಿದ ಮೇಲೂ ಗಳಿಸುತ್ತಲೇ ಇರಬೇಕೆಂಬ ಹಟ ಕಾಯಕದ ಹೆಸರಿನಲ್ಲಿ ನಾವು ನಂತರ ಸೇರಿಸಿದ್ದು. ಪಿಂಚಣಿ ಬರುವ ಮನುಷ್ಯ ಮತ್ತೆ ಒಂದು ಏಜೆನ್ಸಿ ಹಿಡಿದು ಓಡಾಡಿದರೆ ಊರು ಮೆಚ್ಚುತ್ತದೆ. ಕೊಡ ನೋಡುತ್ತ ಕೂತರೆ ನಗುತ್ತದೆ. ಪೂರ್ತಿ ಮನಸ್ಸಿಟ್ಟು, ಮೈಗಳ್ಳತನ ಮಾಡದೆ ಮಾಡುವ ಕೆಲಸ ಯಾವುದು ಎಂದು ಕೇಳಿದರೆ ಎರಡನೆಯದೇ ಕಾಯಕಕ್ಕೆ ಹತ್ತಿರ ಎಂದು ನನಗನ್ನಿಸುತ್ತದೆ. ಯಾರ ಹೊಟ್ಟೆಯೂ ತುಂಬುವುದಿಲ್ಲ ಎಂಬುದಕ್ಕೆ ಉತ್ತರ ಬೇರೆ ಇದೆ.

ಈ ಹಿರಿಯರಿಗೆ ಮಾತ್ರ ಗೊತ್ತಿರುವ, ಅವರು ತೆಗೆಯದಿದ್ದರೆ ಮುಂದೆ ಯಾರೂ ತೆಗೆಯಲಾರದ ಚಿತ್ರಗಳಿವೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಅಣೆಕಟ್ಟು ಕಟ್ಟಲು 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲಿಟ್ಟರು, ಅಣೆಕಟ್ಟು ಮುಗಿದದ್ದು 2005ರಲ್ಲಿ. ಈ ನಡುವೆ ನದಿದಂಡೆಯ ಹಳ್ಳಿಗಳು, ಹಳೆಯ ಬಾಗಲಕೋಟೆಯ ಅರ್ಧ ಊರು ನೀರಿನಡಿ ಹೋದವು. ಆ ಊರುಗಳ ಓಣಿ, ಅಗಸಿ, ನದಿಗೆ ಇಳಿಯುವ ಮೆಟ್ಟಿಲು, ಬೇವಿನ ಮರದ ಕಟ್ಟೆ ಎಲ್ಲಿತ್ತು ಎಂದು ಹೇಳಬಲ್ಲವರು ಈಗ ಅರವತ್ತು-ಎಪ್ಪತ್ತರ ಆಸುಪಾಸಿನಲ್ಲಿದ್ದಾರೆ. ಪರಿಹಾರದ ಕಡತಗಳಲ್ಲಿ ಸರ್ವೆ ನಂಬರಿದೆ, ಮನೆಯ ಅಳತೆಯಿದೆ. ಪಡಸಾಲೆಯಲ್ಲಿ ಬೆಳಕು ಯಾವ ಕಡೆಯಿಂದ ಬೀಳುತ್ತಿತ್ತು ಎಂಬುದಿಲ್ಲ. ಮನೆಯಲ್ಲಿ ಕ್ಯಾಮೆರಾ ಇದ್ದ ಕುಟುಂಬಗಳೂ ಮದುವೆಯ ಫೋಟೊ ತೆಗೆಸಿದವೇ ಹೊರತು ಓಣಿಯದನ್ನಲ್ಲ. ನೀರಿಗೆ ಹೋಗದ ಊರುಗಳಲ್ಲೂ ಹೋದದ್ದು ಬಹಳ. ಮಣ್ಣಿನ ಮಾಳಿಗೆ ಮನೆ, ನೆಲದೊಳಗಿನ ಜೋಳದ ಹಗೇವು, ಹಂತಿ ಕಟ್ಟಿದ ಕಣ, ಹಂತಿಯ ಹಾಡಿಗೆ ಸುತ್ತುವ ಎತ್ತುಗಳು. ಕೂರಿಗೆ ಇವತ್ತು ಸಾಂಸ್ಕೃತಿಕ ಮೆರವಣಿಗೆಯ ಟ್ರ್ಯಾಕ್ಟರಿನ ಮೇಲೆ ಅಲಂಕಾರವಾಗಿ ಕಾಣುತ್ತದೆ. ಬೀಜ ಹಾಕುವ ಬಟ್ಟಲಿಗೆ ಬಿದಿರಿನ ಕೊಳವೆಗಳು ಯಾವ ಓರೆಯಲ್ಲಿ ಕೂರುತ್ತವೆ, ಈಸಿಗೂ ನೊಗಕ್ಕೂ ಹಗ್ಗ ಎಷ್ಟು ಸುತ್ತು, ಬಿತ್ತುವ ಹೆಣ್ಣುಮಗಳು ಯಾವ ಕೈಯಿಂದ ಬೀಜ ಬಿಡುತ್ತಿದ್ದಳು, ಅವಳ ಉಡಿ ಹೇಗೆ ಕಟ್ಟಿರುತ್ತಿತ್ತು ಎಂಬುದನ್ನು ಪುಸ್ತಕದ ಚಿತ್ರಕಾರರು ಊಹಿಸಿ ತೆಗೆಯುತ್ತಾರೆ, ಹಲವು ಸಲ ತಪ್ಪಾಗಿ. ಅದನ್ನು ಕಂಡವರ ಕೈಗೆ ಗೆರೆ ಬರುವುದಿಲ್ಲ. ಗೆರೆ ಬರುವವರು ಅದನ್ನು ಕಂಡಿಲ್ಲ. ಕೆನಡಾದ ವಾಟರ್ಲೂ ವಿಶ್ವವಿದ್ಯಾಲಯದ ಪ್ರಯೋಗಗಳು ಇಲ್ಲಿ ನೆನಪಾಗುತ್ತವೆ: ಒಂದು ಪದವನ್ನು ಬರೆದುಕೊಂಡವರಿಗಿಂತ ಆ ವಸ್ತುವಿನ ಚಿತ್ರ ಬಿಡಿಸಿದವರು ಅದನ್ನು ಚೆನ್ನಾಗಿ ನೆನಪಿಟ್ಟುಕೊಳ್ಳುತ್ತಾರೆ, ವಯಸ್ಸಾದವರಲ್ಲೂ ಇದು ನಿಜ, ಚಿತ್ರ ಸುಂದರವಾಗಿರಬೇಕೆಂದೂ ಇಲ್ಲ. ಚಿತ್ರ ತೆಗೆಯಲು ಕೂತಾಗ ಬಾಗಿಲಿಗೆ ಅಗಳಿ ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ತೀರ್ಮಾನಿಸಲೇಬೇಕಾಗುತ್ತದೆ, ಮಾತಿನಲ್ಲಾದರೆ ತೇಲಿಸಿಬಿಡಬಹುದು. ಮುಂಬೈ ಪ್ರಾಂತದಲ್ಲಿ ಈ ಜಿಲ್ಲೆ ಇದ್ದ ಕಾಲದಿಂದ ಪರಿಚಿತವಾದ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಡ್ರಾಯಿಂಗ್ ಪರೀಕ್ಷೆಗಳಲ್ಲಿ ನೆನಪಿನ ಚಿತ್ರವೆಂದೇ ಒಂದು ಪತ್ರಿಕೆ ಇರುತ್ತಿತ್ತು. ಅದು ಹುಡುಗರಿಗಿಂತ ಅಜ್ಜಂದಿರಿಗೆ ಹೇಳಿಮಾಡಿಸಿದ್ದು.

ಇಲ್ಲಿಗೆ ಬಂದವರು ಸಾಮಾನ್ಯವಾಗಿ, ಮೊಬೈಲಿನಲ್ಲಿ ನೋಡಿ ಕಲಿಯಬಹುದಲ್ಲ, ಕ್ಲಾಸು ಯಾಕೆ ಎನ್ನುತ್ತಾರೆ. ಕಲಿಯಬಹುದು, ಸ್ವಲ್ಪ ದೂರ. ಮಂಜು ಮುಸುಕಿದ ಬೆಟ್ಟ, ಪೈನ್ ಮರ, ಕೆಂಪು ಹೆಂಚಿನ ಗುಡಿಸಲಿನ ಚಿತ್ರವನ್ನು ಹತ್ತು ನಿಮಿಷದಲ್ಲಿ ಮಾಡಿ ತೋರಿಸುವ ವಿಡಿಯೊಗಳಿಗೆ ಲೆಕ್ಕವಿಲ್ಲ. ಅದನ್ನು ನೋಡಿದ ಇಂಡಿ ತಾಲ್ಲೂಕಿನ ನಿವೃತ್ತ ಗುಮಾಸ್ತರು ಲಿಂಬೆಯ ತೋಟದ ನಡುವೆ ಕೂತು ಪೈನ್ ಮರ ತೆಗೆಯುತ್ತಾರೆ. ವಿಡಿಯೊ ತನ್ನ ಚಿತ್ರವನ್ನು ತೋರಿಸುತ್ತದೆ, ನಿಮ್ಮದನ್ನು ನೋಡುವುದಿಲ್ಲ. ತಪ್ಪು ಎಲ್ಲಿ ಎಂದು ಬೆರಳಿಡಲು ಎದುರಿಗೆ ಒಬ್ಬರು ಬೇಕು. ನಕಲು ಮಾಡುವುದನ್ನು ನಾನು ಪೂರ್ತಿ ತೆಗೆದುಹಾಕುವುದಿಲ್ಲ. ಕಲಬುರಗಿಯ ಎಸ್.ಎಂ. ಪಂಡಿತರ ದೇವರ ಕ್ಯಾಲೆಂಡರ್ ಚಿತ್ರ ನೋಡಿ ಕೈ ತಿದ್ದಿಕೊಂಡ ಒಂದು ಪೀಳಿಗೆಯೇ ಉತ್ತರ ಕರ್ನಾಟಕದಲ್ಲಿದೆ, ಅವರಲ್ಲಿ ಕೆಲವರು ನಾಟಕ ಕಂಪನಿಗಳ ಪರದೆ ಬರೆದು ಬದುಕಿದರು. ಅವರಿಗೂ ಪಕ್ಕದಲ್ಲಿ ನಿಂತು ಬೈಯುವ ಒಬ್ಬ ಗುರು ಇರುತ್ತಿದ್ದ. ಧಾರವಾಡದಲ್ಲಿ ಡಿ.ವಿ. ಹಾಲಭಾವಿಯವರು, ಗದಗಿನಲ್ಲಿ ಟಿ.ಪಿ. ಅಕ್ಕಿಯವರು ಹುಟ್ಟುಹಾಕಿದ ಕಲಾಶಾಲೆಗಳು ಈ ಭಾಗಕ್ಕೆ ಡ್ರಾಯಿಂಗ್ ಮಾಸ್ತರರ ಸಾಲನ್ನೇ ಕೊಟ್ಟವು. ಆ ಸಾಲು ಈಗ ತೆಳ್ಳಗಾಗಿದೆ.

ನನ್ನ ವಾದಕ್ಕೆ ಅತ್ಯಂತ ಕಠಿಣವಾದ ಆಕ್ಷೇಪ ಇಲ್ಲೇ ಇದೆ. ಎಷ್ಟೋ ಸರ್ಕಾರಿ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕರ ಹುದ್ದೆಯೇ ಇಲ್ಲ, ಇದ್ದಲ್ಲಿ ಖಾಲಿ ಬಿದ್ದಿದೆ. ಮಕ್ಕಳಿಗೇ ಇಲ್ಲದ ಮಾಸ್ತರರನ್ನು ಮುದುಕರಿಗೆ ಎಲ್ಲಿಂದ ತರುತ್ತೀರಿ? ಮಕ್ಕಳ ಪಾಲನ್ನು ಕಿತ್ತು ಹಿರಿಯರಿಗೆ ಕೊಡಿ ಎಂದು ನಾನು ಕೇಳುವುದಾದರೆ ಈ ಲೇಖನವನ್ನು ಇಲ್ಲಿಗೇ ನಿಲ್ಲಿಸಬೇಕು. ಕೇಳುತ್ತಿರುವುದು ಎರಡನ್ನೂ ಕೂಡಿಸಿ ಎಂದು. ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ಕಟ್ಟಡವಿದೆ, ಬೆಳಕಿದೆ, ಭಾನುವಾರ ಮುಂಜಾನೆ ಎರಡು ತಾಸು ಬಿಡುವೂ ಇದೆ. ಮೂರ್ನಾಲ್ಕು ಪಂಚಾಯಿತಿಗಳು ಕೂಡಿ ಒಬ್ಬ ಮಾಸ್ತರರಿಗೆ ಗೌರವಧನ ಕೊಟ್ಟರೆ ಒಂದೇ ಕೋಣೆಯಲ್ಲಿ ಎಂಟನೇ ಇಯತ್ತೆಯ ಹುಡುಗಿಯೂ ಅವಳ ಅಜ್ಜನೂ ಕೂರಬಹುದು. ಕಲಾಪದವಿ ಪಡೆದು ಫ್ಲೆಕ್ಸ್ ಅಂಗಡಿಯಲ್ಲೋ ಮೊಬೈಲ್ ಅಂಗಡಿಯಲ್ಲೋ ದುಡಿಯುತ್ತಿರುವ ಯುವಕರು ಪ್ರತಿ ತಾಲ್ಲೂಕಿನಲ್ಲೂ ಇದ್ದಾರೆ. ಹಿರಿಯರು ಬಂದು ಕೂತರೆ ಪಂಚಾಯಿತಿಯವರು ಆ ತಾಸನ್ನು ಸುಲಭಕ್ಕೆ ರದ್ದು ಮಾಡಲಾರರು ಎಂಬುದು ಇನ್ನೊಂದು ಲಾಭ. ಮಕ್ಕಳ ಡ್ರಾಯಿಂಗ್ ಪಿರಿಯಡ್ಡನ್ನು ಗಣಿತಕ್ಕೆ ಕೊಟ್ಟುಬಿಟ್ಟಂತೆ ನಿವೃತ್ತ ತಲಾಠಿಯ ಪಿರಿಯಡ್ಡನ್ನು ಯಾರಿಗೂ ಕೊಡಲಾಗುವುದಿಲ್ಲ, ಅವರು ಅರ್ಜಿ ಬರೆಯಬಲ್ಲವರು. ರಾಜ್ಯದ ಲೋವರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗಳಿಗೆ ಇಷ್ಟವಿದ್ದ ಹಿರಿಯರೂ ಕೂರುವಂತಾಗಲಿ. ಅಂಕಪಟ್ಟಿಯಿಂದ ಅವರಿಗೆ ನೌಕರಿ ಸಿಗುವುದಿಲ್ಲ, ಆದರೆ ಕಲಿಕೆಗೆ ಒಂದು ಗಡುವು ಸಿಗುತ್ತದೆ. ಖರ್ಚಿನ ಮಾತು ಸಣ್ಣದು. ಡ್ರಾಯಿಂಗ್ ಶೀಟು, 2ಬಿ, 6ಬಿ ಪೆನ್ಸಿಲ್ಲು, ರಬ್ಬರು, ಪೋಸ್ಟರ್ ಕಲರಿನ ಒಂದು ಪೆಟ್ಟಿಗೆ, ಎರಡು ಕುಂಚ, ಎಲ್ಲ ಸೇರಿ ಒಂದು ತಿಂಗಳ ಗುಳಿಗೆಯ ಖರ್ಚಿಗಿಂತ ಹೆಚ್ಚಾಗುವುದಿಲ್ಲ. ಹೆಂಗಸರು ಬರಬೇಕೆಂದರೆ ವೇಳೆಯನ್ನು ಅವರನ್ನು ಕೇಳಿ ಇಡಬೇಕು, ಮಧ್ಯಾಹ್ನ ಊಟದ ಮುಸುರೆ ತೀರಿದ ಮೇಲೆ. ಗಂಡಸರು ಆ ಹೊತ್ತಿಗೆ ನಿದ್ದೆ ಬಿಡಲಿ.

ಒಂದು ಎಚ್ಚರಿಕೆ ಹೇಳಿ ಮುಗಿಸುತ್ತೇನೆ. ಇದನ್ನು ಯಾವುದಾದರೂ ಇಲಾಖೆ ಕೈಗೆತ್ತಿಕೊಂಡರೆ ಮೊದಲು ಹೊಳೆಯುವುದು ಸ್ಪರ್ಧೆ. ಅಕ್ಟೋಬರ್ 1 ಹಿರಿಯ ನಾಗರಿಕರ ದಿನ. ತಾಲ್ಲೂಕು ಮಟ್ಟದ ಚಿತ್ರಕಲಾ ಸ್ಪರ್ಧೆ, ಒಂದು ತಾಸಿನ ಅವಧಿ, ವಿಷಯ 'ನನ್ನ ಕನಸಿನ ಭಾರತ', ಮೊದಲ ಮೂವರಿಗೆ ಫಲಕ, ಉಳಿದವರಿಗೆ ಬಾಳೆಹಣ್ಣು, ಎಲ್ಲರಿಗೂ ಭಾಷಣ. ಅಲ್ಲಿಗೆ ಕಲಿಕೆ ಮುಗಿಯಿತು. ಗೆದ್ದವರು ಮತ್ತೆ ಕುಂಚ ಮುಟ್ಟುವ ಕಾರಣವಿಲ್ಲ, ಸೋತವರಿಗೆ ಧೈರ್ಯವಿಲ್ಲ. ಮೊದಲ ಎರಡು ವರ್ಷ ಪ್ರದರ್ಶನವೂ ಬೇಡ, ಸನ್ಮಾನವೂ ಬೇಡ. ಮೊದಲ ಮೂರು ತಿಂಗಳು ಬರೀ ಕೊಡ, ತಂಬಿಗೆ, ಬುಟ್ಟಿ, ಮೊರ. ಆಮೇಲೆ ಮನೆಯ ಬಾಗಿಲು, ಆಮೇಲೆ ಓಣಿ, ಅದಾದ ಮೇಲೆ ನೆನಪಿನಿಂದ ಹಳೆಯ ಓಣಿ. ತೆಗೆದ ಹಾಳೆಗಳ ಹಿಂದೆ ಹೆಸರು, ತಾರೀಖು, ಊರು, ಚಿತ್ರದಲ್ಲಿರುವುದು ಏನು ಎಂದು ಬರೆದು ಅರಿವು ಕೇಂದ್ರದ ಕಪಾಟಿನಲ್ಲಿಡಲಿ. ಶಾಲು, ಹಾರ, ಫಲಕಕ್ಕೆಂದು ತೆಗೆದಿಟ್ಟ ದುಡ್ಡಿದ್ದರೆ ಆ ಕಪಾಟಿಗೊಂದು ಬೀಗ ಮತ್ತು ಗೆದ್ದಲು ಹತ್ತದ ಹಲಗೆಗೆ ಖರ್ಚಾಗಲಿ.